ಪಾಸ್‌ವರ್ಡ್ ಮರೆತರೆ ಫಾರ್ಮ್ಯಾಟ್ ಹೊಡೆಸಬೇಡಿ

ಲ್ಯಾಪ್‌ಟಾಪಿನ ಪಾಸ್‌ವರ್ಡ್ ಮರೆತುಹೋಗಿದೆ ಎಂದು ಅಂಗಡಿಗೆ ಒಯ್ದರೆ ನಮ್ಮ ಊರುಗಳಲ್ಲಿ ಸಿಗುವ ಉತ್ತರ ಹೆಚ್ಚೂಕಡಿಮೆ ಒಂದೇ: "ಫಾರ್ಮ್ಯಾಟ್ ಹೊಡೀಬೇಕು ಸರ್. ಡಿ ಡ್ರೈವಲ್ಲಿ ಇರೋದಕ್ಕೆ ಏನೂ ಆಗಲ್ಲ." ಫಾರ್ಮ್ಯಾಟ್ ಎಂದರೆ ಸಿ ಡ್ರೈವನ್ನು ಪೂರ್ತಿ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕುವುದು. ಸರಿ ಎಂದು ಕೊಟ್ಟು ಬರುತ್ತಾರೆ. ಮನೆಗೆ ತಂದು ತೆರೆದು ನೋಡಿದರೆ ಮಗಳ ಮದುವೆಯ ಫೋಟೋ ಇಲ್ಲ, ಸಂಘದ ಲೆಕ್ಕ ಇಲ್ಲ, ವರ್ಷಗಟ್ಟಲೆ ನುಡಿಯಲ್ಲಿ ಟೈಪ್ ಮಾಡಿಟ್ಟ ಬರಹ ಇಲ್ಲ. ಅವೆಲ್ಲ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮೂರೂ ಸಾಮಾನ್ಯವಾಗಿ ಸಿ ಡ್ರೈವಿನ ಯೂಸರ್ಸ್ ಫೋಲ್ಡರಿನಲ್ಲೇ ಇರುತ್ತವೆ. ಈಗ ಬರುವ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಂತೂ ಡಿ ಡ್ರೈವೇ ಇರುವುದಿಲ್ಲ.

ಇದನ್ನು ನೋಡಿ ನೋಡಿ ನನಗೆ ಸಿಟ್ಟೂ ಬರುತ್ತದೆ, ಸಂಕಟವೂ ಆಗುತ್ತದೆ. ಯಾಕೆಂದರೆ ಹೆಚ್ಚಿನ ಸಲ ಆ ಡಾಟಾ ಕಳೆದುಕೊಳ್ಳುವ ಅಗತ್ಯವೇ ಇರುವುದಿಲ್ಲ. ಪಾಸ್‌ವರ್ಡ್ ಹೋಗುವುದು ಒಂದು, ಡಾಟಾ ಹೋಗುವುದು ಇನ್ನೊಂದು. ಇವೆರಡನ್ನೂ ಒಟ್ಟಿಗೆ ಕಳೆಯುವುದು ಫಾರ್ಮ್ಯಾಟ್.

ಹಿಂದೆ ಹಾರ್ಡ್‌ಡಿಸ್ಕ್ ಕಾಲದಲ್ಲಿ ಈ ತಪ್ಪಿಗೆ ಸ್ವಲ್ಪವಾದರೂ ಕ್ಷಮೆ ಇತ್ತು. ಕ್ವಿಕ್ ಫಾರ್ಮ್ಯಾಟ್ ಮಾಡಿದರೂ ಹಳೆಯ ಫೈಲುಗಳು ಡಿಸ್ಕಿನ ಮೇಲೆ ಉಳಿದಿರುತ್ತಿದ್ದವು. ಅವುಗಳ ಮೇಲೆ ಹೊಸದು ಬರೆಯುವ ಮುಂಚೆ ರಿಕವರಿ ಸಾಫ್ಟ್‌ವೇರ್ ಹಾಕಿದರೆ ಒಂದಷ್ಟು ವಾಪಸ್ ಸಿಗುತ್ತಿತ್ತು. ಈಗ ಹಾರ್ಡ್‌ಡಿಸ್ಕಿನ ಬದಲು ಬರುವ ಎಸ್‌ಎಸ್‌ಡಿಗಳಲ್ಲಿ ಟ್ರಿಮ್ ಎಂಬ ವ್ಯವಸ್ಥೆಯಿದೆ. ಈ ಜಾಗ ಇನ್ನು ಬೇಡ ಎಂದು ವಿಂಡೋಸ್ ಹೇಳಿದ ಕೂಡಲೇ ಡ್ರೈವ್ ಒಳಗೊಳಗೇ ಅದನ್ನು ಗುಡಿಸಿಬಿಡುತ್ತದೆ. ಆಮೇಲೆ ಎಷ್ಟು ದುಡ್ಡು ಸುರಿದರೂ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ.

ಹಾಗಾದರೆ ಮೊದಲು ಏನು ನೋಡಬೇಕು? ಆ ಪಾಸ್‌ವರ್ಡ್ ಯಾವ ಅಕೌಂಟಿನದು ಎಂದು. ಲಾಗಿನ್ ಪರದೆಯಲ್ಲಿ ಇಮೇಲ್ ವಿಳಾಸ ಕಾಣಿಸುತ್ತಿದ್ದರೆ ಅದು ಮೈಕ್ರೋಸಾಫ್ಟ್ ಅಕೌಂಟ್. ಮೊಬೈಲಿನಲ್ಲೇ ಪಾಸ್‌ವರ್ಡ್ ಬದಲಿಸಿ, ಲ್ಯಾಪ್‌ಟಾಪನ್ನು ವೈಫೈಗೆ ಸೇರಿಸಿ ಹೊಸದನ್ನು ಹಾಕಿದರೆ ಆಯಿತು, ಅಂಗಡಿಯ ಕೆಲಸವೇ ಇಲ್ಲ. ಮರೆತದ್ದು ಪಿನ್ ಮಾತ್ರವೋ ಎಂದೂ ನೋಡಿಕೊಳ್ಳಿ. ಪಿನ್ ಬೇರೆ, ಪಾಸ್‌ವರ್ಡ್ ಬೇರೆ.

ಬರೀ ಹೆಸರು ಕಾಣಿಸುತ್ತಿದ್ದರೆ ಅದು ಬಹುಶಃ ಲೋಕಲ್ ಅಕೌಂಟ್, ಅಂದರೆ ಆ ಲ್ಯಾಪ್‌ಟಾಪಿನಲ್ಲಿ ಮಾತ್ರ ಇರುವ ಅಕೌಂಟ್. 2018ರ ನಂತರದ ವಿಂಡೋಸ್ 10ರಲ್ಲಿ ಇಂಥ ಅಕೌಂಟ್ ತೆರೆಯುವಾಗ ಮೂರು ಪ್ರಶ್ನೆ ಕೇಳುತ್ತದೆ. ಒಮ್ಮೆ ತಪ್ಪು ಪಾಸ್‌ವರ್ಡ್ ಹಾಕಿ ನೋಡಿ, ಕೆಳಗೆ ರಿಸೆಟ್ ಎಂದು ಬಂದರೆ ಆ ಪ್ರಶ್ನೆಗಳಿಗೆ ಉತ್ತರಿಸಿ ಒಳಗೆ ಹೋಗಬಹುದು. (ಮೊದಲು ಓದಿದ ಶಾಲೆ ಯಾವುದು, ಚಿಕ್ಕಂದಿನಲ್ಲಿ ಏನೆಂದು ಕರೆಯುತ್ತಿದ್ದರು ಎಂಬಂಥ ಪ್ರಶ್ನೆಗಳು. ನಮ್ಮ ಕಡೆ ಇದು ಓಣಿಯ ಎಲ್ಲರಿಗೂ ಗೊತ್ತಿರುವ ಸಂಗತಿ. ಹೊಸ ಸಿಸ್ಟಂಗೆ ದಯವಿಟ್ಟು ನಿಜವಾದ ಉತ್ತರ ಕೊಡಬೇಡಿ. ಏನಾದರೂ ಕಟ್ಟಿ ಬರೆದು, ಅದನ್ನು ಡೈರಿಯಲ್ಲಿ ಗುರುತು ಹಾಕಿಡಿ.)

ಅದೂ ಆಗಲಿಲ್ಲ ಅನ್ನಿ. ಆಗ ನಿಜವಾದ ಪ್ರಶ್ನೆ ಬರುತ್ತದೆ: ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ, ಅಂದರೆ ಅದರಲ್ಲಿರುವುದೆಲ್ಲ ಕೀಲಿಯಿಲ್ಲದೆ ಓದಲಾಗದ ಗೂಢಲಿಪಿಯಾಗಿದೆಯೇ? ಇದನ್ನು ಕೇಳದೆ ಯಾರೇ ಫಾರ್ಮ್ಯಾಟ್ ಅಂದರೂ ಲ್ಯಾಪ್‌ಟಾಪ್ ವಾಪಸ್ ತೆಗೆದುಕೊಂಡು ಬನ್ನಿ.

ಎನ್‌ಕ್ರಿಪ್ಟ್ ಆಗಿಲ್ಲದಿದ್ದರೆ ಪಾಸ್‌ವರ್ಡ್ ಎಂಬುದು ಮುಂಬಾಗಿಲ ಚಿಲಕ ಅಷ್ಟೇ. ಡಿಸ್ಕನ್ನು ಕಳಚಿ ಇನ್ನೊಂದು ಕಂಪ್ಯೂಟರಿಗೆ ಜೋಡಿಸಿದರೆ, ಅಥವಾ ಪೆನ್‌ಡ್ರೈವಿನಿಂದ ಲಿನಕ್ಸ್ (ವಿಂಡೋಸಿನಂಥದೇ ಇನ್ನೊಂದು ವ್ಯವಸ್ಥೆ) ಹಾಕಿ ಬೂಟ್ ಮಾಡಿದರೆ, ಅಂದರೆ ಅದರಿಂದ ಲ್ಯಾಪ್‌ಟಾಪ್ ಚಾಲೂ ಮಾಡಿದರೆ, ಯೂಸರ್ಸ್ ಫೋಲ್ಡರ್ ಪೂರ್ತಿ ಕಾಪಿ ಮಾಡಿಕೊಳ್ಳಬಹುದು. ಮೊದಲು ಮಾಡಿಸಬೇಕಾದದ್ದು ಇದನ್ನೇ. ಅಡ್ಮಿನ್, ಅಂದರೆ ಸಿಸ್ಟಂನ ಪೂರ್ತಿ ಅಧಿಕಾರವಿರುವ ಅಕೌಂಟಿನ ಪಾಸ್‌ವರ್ಡ್ ತೆಗೆಯುವುದು ಆಮೇಲೆ. ವಿಂಡೋಸ್ ನಿಮ್ಮ ಪಾಸ್‌ವರ್ಡನ್ನು ಇದ್ದ ಹಾಗೆ ಬರೆದಿಟ್ಟುಕೊಳ್ಳುವುದಿಲ್ಲ, ಅದರಿಂದ ಲೆಕ್ಕ ಹಾಕಿ ತೆಗೆದ ಹ್ಯಾಶ್ ಒಂದನ್ನು ಸ್ಯಾಮ್ ಎಂಬ ಫೈಲಿನಲ್ಲಿ ಇಡುತ್ತದೆ. ವಿಂಡೋಸ್ ನಡೆಯುತ್ತಿರುವಾಗ ಆ ಫೈಲನ್ನು ಮುಟ್ಟಲಾಗದು. ಹೊರಗಿನಿಂದ ಬೂಟ್ ಮಾಡಿದರೆ ಅದೂ ಎಲ್ಲ ಫೈಲುಗಳಂತೆ ಒಂದು ಫೈಲು. ಪೆಟರ್ ನೋರ್ಡಾಲ್ ಹಾಗೆನ್ ಎಂಬವರು ಆ ಹ್ಯಾಶನ್ನು ಖಾಲಿ ಮಾಡುವ ಪುಟ್ಟ ಸಾಧನವನ್ನು 1997ರಲ್ಲೇ ಬರೆದು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಹೊಸ ವಿಷಯವೇನಲ್ಲ ಇದು. ಗೊತ್ತಿರುವ ಮೆಕ್ಯಾನಿಕ್ ಇದ್ದರೆ ಹೆಚ್ಚು ಹೊತ್ತಿನ ಕೆಲಸವೂ ಅಲ್ಲ.

ಇಲ್ಲೊಂದು ಎಚ್ಚರಿಕೆ. ಹೀಗೆ ಬಲವಂತವಾಗಿ ಪಾಸ್‌ವರ್ಡ್ ತೆಗೆದರೆ ಬ್ರೌಸರಿನಲ್ಲಿ ಸೇವ್ ಆಗಿದ್ದ ಪಾಸ್‌ವರ್ಡುಗಳು ತೆರೆದುಕೊಳ್ಳದೇ ಹೋಗಬಹುದು. ವಿಂಡೋಸಿನ ಇಎಫ್‌ಎಸ್ ಬಳಸಿ ಬೀಗ ಹಾಕಿದ ಫೈಲುಗಳೂ ಅಷ್ಟೇ. ಅವುಗಳ ಕೀಲಿ ಹಳೆಯ ಪಾಸ್‌ವರ್ಡಿಗೇ ಕಟ್ಟಿಕೊಂಡಿರುತ್ತದೆ. ಸಾಮಾನ್ಯ ಫೋಟೋ, ವರ್ಡ್ ಫೈಲು, ಟ್ಯಾಲಿ ಡಾಟಾಗಳಿಗೆ ಇದರಿಂದ ತೊಂದರೆಯಿಲ್ಲ.

ಇನ್ನು ಬಿಟ್‌ಲಾಕರ್, ಅಂದರೆ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡುವ ವಿಂಡೋಸಿನದೇ ವ್ಯವಸ್ಥೆ. ಬಹಳ ಜನಕ್ಕೆ ತಮ್ಮ ಸಿಸ್ಟಂನಲ್ಲಿ ಅದು ಇದೆಯೆಂದೇ ತಿಳಿದಿಲ್ಲ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯಲ್ಲಂತೂ, ಹೊಸದಾಗಿ ಸೆಟಪ್ ಮಾಡುವಾಗ ಮೈಕ್ರೋಸಾಫ್ಟ್ ಅಕೌಂಟ್ ಕೊಟ್ಟರೆ ಹೆಚ್ಚಿನ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ. ಆಗ ಡಿಸ್ಕ್ ಕಳಚುವ, ಹೊರಗಿನಿಂದ ಬೂಟ್ ಮಾಡುವ ದಾರಿಗಳು ನಡೆಯವು. ಬೇಕಾಗುವುದು 48 ಅಂಕಿಗಳ ರಿಕವರಿ ಕೀ. ಅದು ಸೆಟಪ್ ಮಾಡುವಾಗ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಆರಾರು ಅಂಕಿಗಳ ಎಂಟು ಗುಂಪು, ಪ್ರತಿ ಗುಂಪೂ 11ರಿಂದ ಭಾಗವಾಗುವ ಸಂಖ್ಯೆ. ಹಾಗಾಗಿ ಒಂದು ಅಂಕಿ ತಪ್ಪು ಬರೆದುಕೊಂಡಿದ್ದರೂ ಯಾವ ಗುಂಪಿನಲ್ಲಿ ತಪ್ಪಿದೆ ಎಂದು ಕ್ಯಾಲ್ಕ್ಯುಲೇಟರ್ ಹಿಡಿದು ಪತ್ತೆ ಹಚ್ಚಬಹುದು. ಕೀ ಪೂರ್ತಿ ಇಲ್ಲವಾದರೆ ಮಾತ್ರ ಅದನ್ನು ಊಹಿಸಿ ತೆರೆಯುತ್ತೇನೆ ಎಂದವರಿಗೆ ದುಡ್ಡು ಕೊಡಬೇಡಿ. ಅದು ಆಗುವ ಮಾತಲ್ಲ.

ಈ ಎನ್‌ಕ್ರಿಪ್ಶನ್ ಇರಬೇಕು ಎಂದೇ ನನ್ನ ಅಭಿಪ್ರಾಯ. ಬಸ್ಸಿನಲ್ಲಿ ಕಳೆದ ಲ್ಯಾಪ್‌ಟಾಪಿನಿಂದ ಆಧಾರ್ ಪ್ರತಿ, ಬ್ಯಾಂಕ್ ಕಾಗದ ಎಲ್ಲ ಪರರ ಕೈಸೇರುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಕೀಲಿ ಇದೆ ಎಂದು ಮಾಲೀಕನಿಗೆ ಸ್ಪಷ್ಟವಾಗಿ ಹೇಳದೆ ಮನೆಗೆ ಬೀಗ ಹಾಕಿಸುವುದು ಸರಿಯಲ್ಲ. ಸೆಟಪ್ ಮಾಡಿಕೊಡುವ ಅಂಗಡಿಯವರಾದರೂ ಆ ಕೀ ಪ್ರಿಂಟ್ ತೆಗೆದು ಬಿಲ್ಲಿನ ಜೊತೆ ಗಿರಾಕಿಯ ಕೈಗೆ ಕೊಡಬೇಕು. ಎಷ್ಟೋ ಕಡೆ ಹುಡುಗರು ತಮ್ಮದೇ ಇಮೇಲ್ ಹಾಕಿ ಸೆಟಪ್ ಮುಗಿಸಿ ಕಳಿಸುತ್ತಾರೆ. ಆಗ ನಿಮ್ಮ ಲ್ಯಾಪ್‌ಟಾಪಿನ ಕೀ ಯಾರದೋ ಅಕೌಂಟಿನಲ್ಲಿ ಹೋಗಿ ಕೂತಿರುತ್ತದೆ.

ಇದರಲ್ಲಿ ಅತಿ ಹೆಚ್ಚು ನೋಯುವವರು ತೀರಿಕೊಂಡವರ ಮನೆಯವರು. ಅಪ್ಪನ ಲ್ಯಾಪ್‌ಟಾಪಿನಲ್ಲಿ ಜಮೀನಿನ ಕಾಗದ, ಅರ್ಧ ಬರೆದಿಟ್ಟ ನೆನಪುಗಳು ಇರುತ್ತವೆ. ಕೀ ಇರುವುದು ಅವರ ಅಕೌಂಟಿನಲ್ಲಿ. ಅದನ್ನು ತೆರೆಯಲು ಒಟಿಪಿ ಬರುವುದು ಅವರ ಮೊಬೈಲಿಗೆ. ಅಷ್ಟರಲ್ಲಿ ರೀಚಾರ್ಜ್ ನಿಲ್ಲಿಸಿ, ಆ ನಂಬರ್ ಇನ್ನೊಬ್ಬರ ಪಾಲಾಗಿರುತ್ತದೆ. ಹಾಗಾಗಿ ಕಾರ್ಯಗಳೆಲ್ಲ ಮುಗಿದು ಮನೆ ಒಂದು ಹದಕ್ಕೆ ಬರುವವರೆಗೆ ಆ ಸಿಮ್ಮನ್ನು ಚಾಲ್ತಿಯಲ್ಲಿಡಿ. ಇದೊಂದು ಮಾತನ್ನು ನಿಮ್ಮವರಿಗೆಲ್ಲ ಹೇಳಿ.

ಕಚೇರಿ, ಶಾಲೆ, ಸೊಸೈಟಿಗಳ ಕಥೆ ಇನ್ನೊಂದು ಬಗೆಯದು. ಅಲ್ಲಿ ಪಾಸ್‌ವರ್ಡ್ ಮರೆಯುವುದಿಲ್ಲ, ಕೆಲಸ ಬಿಟ್ಟವರ ಜೊತೆ ಹೋಗಿಬಿಡುತ್ತದೆ. 2008ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಾಡಳಿತಕ್ಕೇ ಹೀಗಾಯಿತು. ಅಲ್ಲಿನ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದ ಟೆರ್ರಿ ಚೈಲ್ಡ್ಸ್ ಎಂಬ ಎಂಜಿನಿಯರ್ ಮೇಲಧಿಕಾರಿಗಳಿಗೆ ಪಾಸ್‌ವರ್ಡ್ ಕೊಡಲು ಒಪ್ಪಲಿಲ್ಲ. ಬಂಧನವಾದರೂ ಕೊಡಲಿಲ್ಲ. ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಜೈಲಿಗೇ ಹೋಗಿ ಕೇಳಿದಾಗ ಅವರೊಬ್ಬರಿಗೆ ಹೇಳಿದ. 2010ರಲ್ಲಿ ಅವನಿಗೆ ನಾಲ್ಕು ವರ್ಷ ಶಿಕ್ಷೆಯಾಯಿತು. ಶಿಕ್ಷೆ ಅವನಿಗಾದರೂ, ಅಷ್ಟು ದೊಡ್ಡ ಊರಿನ ಕೀಲಿಗಳನ್ನು ಒಬ್ಬನ ತಲೆಯಲ್ಲಿ ಬಿಟ್ಟವರದ್ದೂ ತಪ್ಪೇ ಎಂದು ನಾನು ಹೇಳುತ್ತೇನೆ. ನಮ್ಮ ಶಾಲೆಗಳಲ್ಲಿ, ಹಾಲಿನ ಡೈರಿಗಳಲ್ಲಿ ಎರಡನೆಯ ಅಡ್ಮಿನ್ ಅಕೌಂಟ್ ಒಂದನ್ನು ತೆರೆದು, ಅದರ ಪಾಸ್‌ವರ್ಡನ್ನು ಲಕೋಟೆಯಲ್ಲಿಟ್ಟು ಅಂಟಿಸಿ ಬೀರುವಿನಲ್ಲಿ ಇಡುವುದಕ್ಕೆ ಏನು ಖರ್ಚಾಗುತ್ತದೆ?

ರಿಪೇರಿ ಮಾಡುವ ಗೆಳೆಯರಲ್ಲೂ ಒಂದು ಬೇಡಿಕೆ. ಯಾರೋ ತಂದ ಲ್ಯಾಪ್‌ಟಾಪಿನ ಪಾಸ್‌ವರ್ಡ್ ತೆಗೆಯುವ ಮುಂಚೆ ಬಿಲ್ಲೋ ಗುರುತಿನ ಚೀಟಿಯೋ ನೋಡಿ. ಮಾಲೀಕರ ಒಪ್ಪಿಗೆಯಿಲ್ಲದೆ ದುರುದ್ದೇಶದಿಂದ ಕಂಪ್ಯೂಟರಿನ ಒಳಹೊಕ್ಕರೆ ಐಟಿ ಕಾಯ್ದೆಯ 66ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ ಇದೆ. ಗಂಡನಿಗೆ ತಿಳಿಯದಂತೆ ಹೆಂಡತಿಯದು, ಹೆಂಡತಿಗೆ ತಿಳಿಯದಂತೆ ಗಂಡನದು ತೆರೆದುಕೊಡಿ ಎಂದು ಬರುವವರೂ ಇರುತ್ತಾರೆ, ಅಂಥದ್ದಕ್ಕೆ ಕೈ ಹಾಕಬೇಡಿ.

ಸದ್ಯ ಲಾಗಿನ್ ಆಗುತ್ತಿರುವವರು ಇವತ್ತೇ ಸೆಟ್ಟಿಂಗ್ಸ್ ತೆರೆದು ಡಿವೈಸ್ ಎನ್‌ಕ್ರಿಪ್ಶನ್ ಅಥವಾ ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಆನ್ ಇದ್ದರೆ ನಿಮ್ಮ ಮೈಕ್ರೋಸಾಫ್ಟ್ ಅಕೌಂಟಿನ ರಿಕವರಿ ಕೀ ಪುಟಕ್ಕೆ ಹೋಗಿ ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ. ಕಂಪ್ಯೂಟರ್ ಒಳಗೇ ಸೇವ್ ಮಾಡಿದರೆ ಉಪಯೋಗವಿಲ್ಲ. ಈಗಾಗಲೇ ಸಿಕ್ಕಿಹಾಕಿಕೊಂಡವರು ಪರದೆಯ ಮೇಲೆ ಏನು ಬರುತ್ತಿದೆ ಎಂದು ನನಗೆ ಮೆಸೇಜ್ ಮಾಡಿ, ಗೊತ್ತಿದ್ದಷ್ಟು ಹೇಳುತ್ತೇನೆ. ಕೀಯನ್ನು ಮಾತ್ರ ನನಗೂ ಕಳಿಸಬೇಡಿ.