ನದಿಯ ಹೊಟ್ಟೆಯೊಳಗಿನ ಸೈಕಲ್

ಜಪಾನಿನ ಅನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ (2001) ಬಗ್ಗೆ ನೀವು ಬರೆದ ಲೇಖನ ಇಷ್ಟವಾಯಿತು. ಆದರೆ ಚಿತ್ರದ ಸ್ನಾನಗೃಹಕ್ಕೆ ಬರುವವರನ್ನೆಲ್ಲ ‘ದೆವ್ವಗಳು’ ಅಂದುಬಿಟ್ಟಿದ್ದೀರಿ, ಅದೊಂದು ಸರಿಬರಲಿಲ್ಲ. ಅವರು ‘ಕಮಿ’ಗಳು, ಅಂದರೆ ಜಪಾನಿನ ಮೂಲ ಧರ್ಮವಾದ ಶಿಂಟೋ ನಂಬಿಕೆಯಲ್ಲಿ ನದಿ, ಮರ, ಬೆಟ್ಟಗಳಲ್ಲೆಲ್ಲ ಇರುವ ದೈವಗಳು. ಜಪಾನೀಯರು ‘ಎಂಬತ್ತು ಲಕ್ಷ’ ಅನ್ನುತ್ತಾರೆ, ಅಂದರೆ ಲೆಕ್ಕವಿಲ್ಲದಷ್ಟು, ನಮ್ಮ ಮುಕ್ಕೋಟಿ ಇದ್ದ ಹಾಗೆ. ಗಬ್ಬು ನಾರುವ ಕೆಸರಿನ ಮುದ್ದೆಯಾಗಿ ಬಂದವನ ಮೈಯಿಂದ ಕಥಾನಾಯಕಿ, ಪುಟ್ಟ ಹುಡುಗಿ ಚಿಹಿರೋ ಒಂದು ಸೈಕಲ್ ಎಳೆಯುತ್ತಾಳೆ. ಅದರ ಬೆನ್ನಿಗೇ ರಾಶಿ ರಾಶಿ ಕಸ. ಕೊನೆಗೆ ನೋಡಿದರೆ ಆತ ನದಿದೇವತೆ! ಇದು ಬರೀ ಕಲ್ಪನೆಯೂ ಅಲ್ಲ, ನಿರ್ದೇಶಕ ಮಿಯಾಜಾಕಿ ಸ್ವತಃ ನದಿ ಸ್ವಚ್ಛಗೊಳಿಸುವಾಗ ಸೈಕಲ್ ಎಳೆದು ತೆಗೆದಿದ್ದರು. ಇನ್ನು ಚಿಹಿರೋಗೆ ನೆರವಾಗುವ ಹುಡುಗ ಹಾಕು? ಅಪಾರ್ಟ್‌ಮೆಂಟ್‌ಗಳಿಗಾಗಿ ಮುಚ್ಚಿಹಾಕಿದ ನದಿ ಅವನು, ತನ್ನ ಹೆಸರನ್ನೇ ಮರೆತವನು. ಹೆಸರು ಕಸಿದುಕೊಂಡೇ ಸ್ನಾನಗೃಹದ ಒಡತಿ, ಮಾಟಗಾತಿ ಯುಬಾಬಾ ಎಲ್ಲರನ್ನೂ ಆಳಾಗಿಸಿಕೊಳ್ಳುವುದು. ಆ ಬಗ್ಗೆ ಒಂದು ಸಾಲೂ ಬರೆದಿಲ್ಲವಲ್ಲ!