ಉತ್ತರಾಣಿ ಬೇರು ಚೇಳಿನ ವಿಷ ಇಳಿಸುತ್ತದೆಯೇ? ಸತ್ಯಾಂಶ

ಚೇಳು ಕುಟುಕಿದ ಜಾಗಕ್ಕೆ ಉತ್ತರಾಣಿ ಬೇರು ಕಟ್ಟಿ ಕೆಳಮುಖವಾಗಿ ನೀವಿದರೆ ವಿಷ ಪೂರ್ತಿ ಇಳಿಯುತ್ತದೆ, ಆಸ್ಪತ್ರೆ ಬೇಡ ಎಂಬ ಸಂದೇಶ ಯಾದಗಿರಿ ಭಾಗದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಇದು ನಿಜವಲ್ಲ.

ಹೆಚ್ಚಿನ ಚೇಳುಗಳ ಕುಟುಕು ಕೆಲವು ಗಂಟೆ ಉರಿದು ತಾನಾಗಿಯೇ ಶಮನವಾಗುತ್ತದೆ. ಆ ಹೊತ್ತಿಗೆ ಬೇರು ಕಟ್ಟಿದ್ದರೆ ಕೀರ್ತಿ ಬೇರಿಗೆ ಸಲ್ಲುತ್ತದೆ. ನಾಗರಪಂಚಮಿಯಂದು ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ಜನರು ಚೇಳುಗಳನ್ನು ಅಂಗೈ, ಮುಖದ ಮೇಲೆ ಬಿಟ್ಟುಕೊಳ್ಳುವುದನ್ನು ಕಂಡವರಿಗೆ ಭಯವೂ ಕಡಿಮೆಯೇ. ಆದರೆ ಕೆಂಪು ಚೇಳಿನ ವಿಷ ನರಗಳನ್ನು ವಿಪರೀತ ಕೆರಳಿಸಿ, ರಕ್ತದೊತ್ತಡ ಏರಿಸಿ, ಹೃದಯವನ್ನು ಬಳಲಿಸಿ, ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿಸಬಲ್ಲದು. ವಾಂತಿ, ಧಾರಾಕಾರ ಬೆವರು, ತಣ್ಣಗಾದ ಕೈಕಾಲು ಅದರ ಮುನ್ಸೂಚನೆ. ಮಕ್ಕಳಿಗೆ ಅಪಾಯ ಹೆಚ್ಚು. ಮಹಾರಾಷ್ಟ್ರದ ಮಹಾಡದಲ್ಲಿ ಡಾ. ಹಿಮ್ಮತ್‌ರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ, ರಕ್ತದೊತ್ತಡಕ್ಕೆ ಕೊಡುವ ಅಗ್ಗದ ಮಾತ್ರೆಯನ್ನೇ ಬಳಸಿ ಇಂಥ ಸಾವುಗಳನ್ನು ಬಹಳವಾಗಿ ತಗ್ಗಿಸಿದರು.

ಹಾಗೆಂದು ಉತ್ತರಾಣಿ ನಿಷ್ಪ್ರಯೋಜಕ ಗಿಡವಲ್ಲ. ಅಥರ್ವವೇದದ 4ನೇ ಕಾಂಡ ಅದನ್ನು ಮಾಟ ನಿವಾರಕವೆಂದು ಸ್ತುತಿಸುತ್ತದೆ, ಗಣೇಶನ 21 ಪತ್ರೆಗಳಲ್ಲಿ ಅದೂ ಒಂದು; ಇವು ಶ್ರದ್ಧೆಯ ಮಾತು. ಔಷಧದ ವಿಚಾರಕ್ಕೆ ಬಂದರೆ, ಗಿಡವನ್ನು ಸುಟ್ಟ ಬೂದಿಯಿಂದ ತೆಗೆದ ಕ್ಷಾರವನ್ನು ಕಳ್ಳಿಹಾಲು, ಅರಿಶಿನದೊಂದಿಗೆ ದಾರಕ್ಕೆ ಪದರಪದರವಾಗಿ ಲೇಪಿಸಿ, ಆಯುರ್ವೇದ ವೈದ್ಯರು ಭಗಂದರಕ್ಕೆ (ಗುದದ್ವಾರದ ಬಳಿ ಆಗುವ, ಕೀವು ಸೋರುವ ಕೊಳವೆಯಂಥ ಹುಣ್ಣಿಗೆ) ಇಂದಿಗೂ ಬಳಸುತ್ತಾರೆ.

ಚೇಳು ಕುಟುಕಿದರೆ ಗಾಯ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು; ಸಾಬೂನಿನಿಂದ ತೊಳೆದು, ನೋವು ಕಡಿಮೆಯಿದ್ದರೂ ಮಕ್ಕಳನ್ನು ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಬೇಕು.