ಹಳೆಯ ಕಂಪ್ಯೂಟರ್ ಮನೆಯ ರೂಟರ್ ಆಗಲಿ

ಕಪಾಟಿನಲ್ಲಿ ಮೂಲೆಗುಂಪಾಗಿರುವ ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮೊದಲು ಇದನ್ನು ಓದಿ. ಅದು ನಿಮ್ಮ ಮನೆಯ ಎಲ್ಲ ಸಾಧನಗಳಿಗೆ ಇಂಟರ್‌ನೆಟ್ ಹಂಚುವ ರೂಟರ್ ಆಗಬಲ್ಲದು. ಅಂಗಡಿಯಿಂದ ತಂದ ಪುಟ್ಟ ಡಬ್ಬಿಗಿಂತ ಒಳ್ಳೆಯ ರೂಟರ್ ಆಗಬಲ್ಲದು ಎಂದೇ ನಾನು ವಾದಿಸುತ್ತೇನೆ.

ಆ ಡಬ್ಬಿಯ ಬಗ್ಗೆ ನನಗಿರುವ ತಕರಾರು ಒಂದೇ. ಯಂತ್ರ ಹಾಳಾಗುವುದಕ್ಕೆ ಎಷ್ಟೋ ಮೊದಲೇ ಅದರ ತಂತ್ರಾಂಶ ಅನಾಥವಾಗುತ್ತದೆ. ತಯಾರಕರು ಹೊಸ ಮಾದರಿಯತ್ತ ಹೊರಳುತ್ತಾರೆ, ಅಪ್‌ಡೇಟ್‌ಗಳು ನಿಲ್ಲುತ್ತವೆ, ಹಸಿರು ದೀಪ ಮಾತ್ರ ಮಿನುಗುತ್ತಲೇ ಇರುತ್ತದೆ. 2018ರಲ್ಲಿ ಬೆಳಕಿಗೆ ಬಂದ ವಿಪಿಎನ್‌ಫಿಲ್ಟರ್ ಎಂಬ ಕುತಂತ್ರಾಂಶ ಸುಮಾರು 5 ಲಕ್ಷ ಸಾಧನಗಳಿಗೆ ಹೊಕ್ಕಿತ್ತು. ಅವುಗಳಲ್ಲಿ ಬಹುಪಾಲು ಮನೆಗಳ ಮತ್ತು ಸಣ್ಣ ಕಚೇರಿಗಳ ರೂಟರ್‌ಗಳು. ಮನೆಯ ಎಲ್ಲ ಮಾತುಕತೆ, ಎಲ್ಲ ಬ್ಯಾಂಕ್ ವ್ಯವಹಾರ ಹಾದುಹೋಗುವ ಬಾಗಿಲನ್ನು ಯಾರೂ ಕಾಯದೆ ಬಿಟ್ಟಿದ್ದೇವೆ ಎನ್ನುವುದು ನನಗೆ ಸಹಿಸಲಾಗದ ಸಂಗತಿ. ಹಳೆಯ ಕಂಪ್ಯೂಟರಿಗೆ ಹಾಕಿ ಅದನ್ನು ರೂಟರ್ ಆಗಿಸುವ ಓಪಿಎನ್‌ಸೆನ್ಸ್ ಅಥವಾ ಓಪನ್‌ಡಬ್ಲ್ಯುಆರ್‌ಟಿ ಮುಕ್ತ ತಂತ್ರಾಂಶಗಳು. ಅವುಗಳಿಗೆ ಅಪ್‌ಡೇಟ್‌ಗಳು ಇಂದಿಗೂ ಬರುತ್ತಿವೆ, ನಿಮ್ಮ ಯಂತ್ರದ ಮಾದರಿ ಮಾರುಕಟ್ಟೆಯಲ್ಲಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಇದೇನೂ ವಿಚಿತ್ರ ಸಾಹಸವಲ್ಲ. ಇಂಟರ್‌ನೆಟ್‌ಗೆ ಮುಂದೆ ಬೆನ್ನೆಲುಬಾದ ಅಮೆರಿಕದ ಎನ್‌ಎಸ್‌ಎಫ್‌ನೆಟ್ ಜಾಲ 1986ರಲ್ಲಿ ಶುರುವಾದಾಗ ಅದರ ರೂಟರ್‌ಗಳಾಗಿ ದುಡಿದದ್ದು ಪಿಡಿಪಿ-11 ಕಂಪ್ಯೂಟರ್‌ಗಳು. ಸೆಕೆಂಡಿಗೆ 56 ಕಿಲೋಬಿಟ್ ವೇಗದ ತಂತಿಗಳನ್ನು ಅವು ನಿಭಾಯಿಸುತ್ತಿದ್ದವು. ಹತ್ತು ವರ್ಷ ಹಳೆಯ ಸಾಧಾರಣ ಡೆಸ್ಕ್‌ಟಾಪ್‌ಗೆ ಇಂದಿನ ಮನೆಯ ಇಂಟರ್‌ನೆಟ್ ದೊಡ್ಡ ಹೊರೆಯೇ ಅಲ್ಲ.

ಆ ಮಿಕ್ಕ ಶಕ್ತಿ ಎಲ್ಲಿ ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ಮನೆಯಲ್ಲಿ ಒಬ್ಬರು ದೊಡ್ಡ ಕಡತ ಅಪ್‌ಲೋಡ್ ಮಾಡತೊಡಗಿದರೆ ಪಕ್ಕದ ಕೋಣೆಯ ವಿಡಿಯೊ ಕರೆ ತೊದಲುತ್ತದೆ. ವೇಗ ಸಾಲದೆಂದು ಭಾವಿಸಿ ಜನ ಹೆಚ್ಚು ಹಣ ಕೊಟ್ಟು ದೊಡ್ಡ ಪ್ಲಾನ್ ತೆಗೆದುಕೊಳ್ಳುತ್ತಾರೆ. ಅನೇಕ ಸಲ ಕೊರತೆ ಇರುವುದು ವೇಗದಲ್ಲಲ್ಲ, ಸರತಿಯಲ್ಲಿ. ಮನೆಯನ್ನು ಹೊರಗಿನ ಇಂಟರ್‌ನೆಟ್‌ಗೆ ಜೋಡಿಸುವ ಮೋಡೆಮ್ ತನ್ನ ಬಫರ್‌ನಲ್ಲಿ, ಅಂದರೆ ತಾತ್ಕಾಲಿಕ ಸಂಗ್ರಹದಲ್ಲಿ, ಪ್ಯಾಕೆಟ್‌ಗಳೆಂಬ ಮಾಹಿತಿಯ ತುಣುಕುಗಳನ್ನು ರಾಶಿ ಹಾಕಿಕೊಳ್ಳುತ್ತದೆ. ದಿನಸಿಯ ಗಾಡಿ ತುಂಬಿಕೊಂಡವರ ಹಿಂದೆ ಒಂದೇ ಬೆಂಕಿಪೊಟ್ಟಣ ಹಿಡಿದವರು ಕಾಯುವಂತೆ, ಧ್ವನಿಯ ಪುಟ್ಟ ಪ್ಯಾಕೆಟ್‌ಗಳು ಆ ರಾಶಿಯ ಹಿಂದೆ ಸಿಕ್ಕಿಕೊಳ್ಳುತ್ತವೆ. ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಕೋಡೆಲ್ ಎಂಬ ಪರಿಹಾರ ಪ್ರಕಟಿಸಿದರು. ಅದೇ ದಾರಿಯಲ್ಲಿ ಬಂದ ಕೇಕ್ ಎಂಬ ವಿಧಾನ 2018ರಲ್ಲಿ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ಸೇರಿತು. ಮಾಡಬೇಕಾದದ್ದು ಇಷ್ಟೇ: ಸಂಪರ್ಕದ ನಿಜವಾದ ವೇಗಕ್ಕಿಂತ ತುಸು ಕಡಿಮೆ ಮಿತಿಯನ್ನು ರೂಟರ್‌ನಲ್ಲಿ ನಮೂದಿಸುವುದು. ಆಗ ಸರತಿ ಮೋಡೆಮ್‌ನಲ್ಲಿ ಬೆಳೆಯದೆ ನಿಮ್ಮ ಕಂಪ್ಯೂಟರಿನಲ್ಲೇ ಬೆಳೆಯುತ್ತದೆ, ಅಲ್ಲಿ ಕರೆ, ಅಪ್‌ಲೋಡ್ ಹೀಗೆ ಪ್ರತಿ ಹರಿವಿಗೂ ಸರದಿ ಸಿಗುತ್ತದೆ. ಈ ಕೆಲಸ ಪ್ರೊಸೆಸರನ್ನು ಹಿಂಡುತ್ತದೆ. ಅಗ್ಗದ ರೂಟರ್‌ಗಳು ಇಲ್ಲಿಯೇ ಕೈಚೆಲ್ಲುತ್ತವೆ, ಹಳೆಯ ಡೆಸ್ಕ್‌ಟಾಪ್ ಇದನ್ನು ಸಲೀಸಾಗಿ ಮಾಡುತ್ತದೆ.

ಬೇಕಾಗುವ ಸಲಕರಣೆ ಕಡಿಮೆ. ಎರಡು ನೆಟ್‌ವರ್ಕ್ ಪೋರ್ಟ್ ಇರಬೇಕು, ಒಂದು ಮೋಡೆಮ್ ಕಡೆಗೆ, ಇನ್ನೊಂದು ಮನೆಯ ನೆಟ್‌ವರ್ಕ್ ತಂತಿಗಳನ್ನು ಕೂಡಿಸುವ ಸ್ವಿಚ್ ಕಡೆಗೆ. ಡೆಸ್ಕ್‌ಟಾಪ್ ಆದರೆ ಎರಡನೆಯ ನೆಟ್‌ವರ್ಕ್ ಕಾರ್ಡ್ ಹಾಕಿ. ಫ್ರೀಬಿಎಸ್‌ಡಿ ಎಂಬ ಕಾರ್ಯಾಚರಣಾ ವ್ಯವಸ್ಥೆ ಆಧಾರಿತ ಓಪಿಎನ್‌ಸೆನ್ಸ್ ಬಳಸುವುದಾದರೆ ಇಂಟೆಲ್ ಕಾರ್ಡ್ ಆಯ್ದುಕೊಳ್ಳಿ. ಲ್ಯಾಪ್‌ಟಾಪ್‌ಗೆ ಎರಡನೆಯ ಪೋರ್ಟ್ ಆಗಿ ಯುಎಸ್‌ಬಿ ನೆಟ್‌ವರ್ಕ್ ಅಡಾಪ್ಟರ್ ಸಾಕು. ಬಲ್ಲವರು ಅದನ್ನು ಒಪ್ಪುವುದಿಲ್ಲ, ಆದರೂ ಲಿನಕ್ಸ್ ಆಧಾರಿತ ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಮನೆಯ ಬಳಕೆಗೆ ಅದು ಸಾಲುತ್ತದೆ ಎಂಬುದು ನನ್ನ ಅಭಿಪ್ರಾಯ. ವೈಫೈ ಕೆಲಸವನ್ನು ಮಾತ್ರ ಕಂಪ್ಯೂಟರಿನ ತಲೆಗೆ ಕಟ್ಟಬೇಡಿ. ಹೊಸದು ನೆಲೆಯೂರಿದ ಮೇಲೆ ಈಗಿರುವ ರೂಟರ್‌ನಲ್ಲಿ ಡಿಎಚ್‌ಸಿಪಿ (ಸಾಧನಗಳಿಗೆ ಜಾಲದ ವಿಳಾಸ ಹಂಚುವ ಕೆಲಸ) ನಿಲ್ಲಿಸಿ, ಬರೀ ವೈಫೈ ಒದಗಿಸುವ ಆಕ್ಸೆಸ್ ಪಾಯಿಂಟ್ ಆಗಿ ಉಳಿಸಿಕೊಳ್ಳಿ.

ವಿದ್ಯುತ್ತಿನ ಆಕ್ಷೇಪ ನ್ಯಾಯವಾದದ್ದು. ದಿನವಿಡೀ 50 ವ್ಯಾಟ್ ಎಳೆಯುವ ಡೆಸ್ಕ್‌ಟಾಪ್ ವರ್ಷಕ್ಕೆ 438 ಯೂನಿಟ್ ತಿನ್ನುತ್ತದೆ. ಪರದೆ ಮುಚ್ಚಿದ ಲ್ಯಾಪ್‌ಟಾಪ್ 12 ವ್ಯಾಟ್‌ನಲ್ಲಿ ನಡೆದರೆ ಅದು 105 ಯೂನಿಟ್. ಹಾಗಾಗಿ ಆಯ್ಕೆಯಿದ್ದರೆ ಲ್ಯಾಪ್‌ಟಾಪ್ ಅಥವಾ ಪುಟ್ಟ ಕಚೇರಿ ಕಂಪ್ಯೂಟರನ್ನೇ ಆರಿಸಿ. ಲ್ಯಾಪ್‌ಟಾಪ್‌ನ ಬ್ಯಾಟರಿ ಉಬ್ಬಿದ್ದರೆ ಮೊದಲು ಅದನ್ನು ತೆಗೆಸಿಬಿಡಿ. ಪೆಂಟಿಯಮ್ 4 ಕಾಲದ ಯಂತ್ರಕ್ಕೆ ಈ ಕೆಲಸ ಕೊಡಬೇಡಿ, ಅದು ಸುಡುವ ವಿದ್ಯುತ್ತಿಗೆ ಸಮರ್ಥನೆ ಇಲ್ಲ.

ಅಳವಡಿಸುವ ದಿನ ಹಳೆಯ ರೂಟರಿನ ಸೆಟ್ಟಿಂಗ್ ಅಳಿಸಬೇಡಿ. ಏನಾದರೂ ಕೈಕೊಟ್ಟರೆ ತಂತಿ ಬದಲಿಸಿದೊಡನೆ ಮನೆಯವರಿಗೆ ಇಂಟರ್‌ನೆಟ್ ಮರಳಬೇಕು. ಹೊಸದು ಕೆಲವು ವಾರ ತಡೆಯಿಲ್ಲದೆ ನಡೆದ ಮೇಲೆ ಅದರ ಸೆಟ್ಟಿಂಗ್ ಕಡತವನ್ನು ಪೆನ್‌ಡ್ರೈವ್‌ಗೆ ನಕಲು ಮಾಡಿಟ್ಟು, ಆಮೇಲೆ ಹಳೆಯದನ್ನು ವೈಫೈಗೆ ಹಚ್ಚಿ. ಅಲ್ಲಿಯವರೆಗೆ ವೈಫೈಗೆ ಬೇರೊಂದು ಆಕ್ಸೆಸ್ ಪಾಯಿಂಟ್ ಎರವಲು ಸಿಕ್ಕರೆ ಒಳ್ಳೆಯದು.